ಎಂಟಕ್ಕೆ ಸೇರಿದವರೆಷ್ಟು, ಹತ್ತರಲ್ಲಿ ಉಳಿದವರೆಷ್ಟು?

ಮಾನ್ಯ ಸಂಪಾದಕರಿಗೆ,

ಬೇಸಿಗೆ ರಜೆ ಶುರುವಾಯಿತೆಂದರೆ ಪತ್ರಿಕೆಗಳಲ್ಲಿ ವಸತಿ ಶಾಲೆಗಳ ಪ್ರವೇಶದ ಜಾಹೀರಾತುಗಳು ಪುಟಗಟ್ಟಲೆ ಬರತೊಡಗುತ್ತವೆ. ಸಾಲುಸಾಲಾಗಿ ಮಕ್ಕಳ ಮುಖಗಳು, ಪ್ರತಿ ಮುಖದ ಕೆಳಗೆ 625ಕ್ಕೆ ಇಷ್ಟು ಎಂಬ ಅಂಕ, ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಶೇ 100 ಫಲಿತಾಂಶ’. ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದ ನನಗೆ ಆ ಮಕ್ಕಳನ್ನು ಕಂಡರೆ ಸಂತೋಷವೇ ಆಗುತ್ತದೆ. ಆದರೆ ಆ ಜಾಹೀರಾತನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ನನ್ನ ಮನೆಯ ಜಗಲಿಗೆ ಬರುವ ತಂದೆ-ತಾಯಂದಿರ ಮಕ್ಕಳು ಆ ಪುಟದ ಮಕ್ಕಳಂಥವರಲ್ಲ. ಅವರು ‘ತಲೆ ಇದೆ, ಓದೋಕೆ ಮನಸ್ಸಿಲ್ಲ’ ಎನಿಸಿಕೊಂಡವರು. ಅಂಥವರನ್ನು ಶಾಲೆ ಬದಲಿಸಿ ಸರಿಮಾಡಬಹುದೇ ಎಂಬುದು ನಾನು ವರ್ಷವೂ ಎದುರಿಸುವ ಪ್ರಶ್ನೆಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಈ ಸಲ ಒಂದೇ ವಾರದಲ್ಲಿ ಇಂಥ ಎರಡು ಪ್ರಶ್ನೆಗಳು ಬಂದವು. ಒಂದು, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟುಕೊಂಡಿರುವ ನಮ್ಮ ಬೀದಿಯವರೊಬ್ಬರದು: “ಮೇಷ್ಟ್ರೇ, ಎಂಟು ಮುಗಿಸಿದ್ದಾನೆ, ಒಂಬತ್ತಕ್ಕೆ ರೆಸಿಡೆನ್ಷಿಯಲ್‌ಗೆ ಹಾಕಿಬಿಟ್ಟರೆ ದಾರಿಗೆ ಬರ್ತಾನಾ?” ಇನ್ನೊಂದು, ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ನನ್ನ ತಂಗಿಯ ಮಗಳದು. ಅವಳ ಹದಿನೈದು ವರ್ಷದ ಮಗ ಎಂಟನೆಯ ತರಗತಿಯವರೆಗೆ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವನು, ಈಗ ಮನೆಗೆಲಸವನ್ನು ಒಪ್ಪಿಸುವುದನ್ನೇ ಬಿಟ್ಟಿದ್ದಾನೆ. ಅವನನ್ನು ಈಗಿರುವ ದೊಡ್ಡ ಸರ್ಕಾರಿ ಶಾಲೆಯಿಂದ ಬಿಡಿಸಿ ಅಲ್ಲಿಯ ‘ಚಾರ್ಟರ್ ಶಾಲೆ’ಗೆ ಸೇರಿಸಲೇ ಮಾವ ಎಂದು ಕೇಳಿದಳು. ಚಾರ್ಟರ್ ಶಾಲೆ ಎಂದರೇನೆಂದು ತಿಳಿಯಲು ನಾನು ಒಂದಷ್ಟು ಓದಬೇಕಾಯಿತು. ಓದುತ್ತಾ ಹೋದಂತೆ ಎರಡು ಪ್ರಶ್ನೆಗಳೂ ಬೇರೆಯಲ್ಲವೆನ್ನಿಸಿತು.

ನಮ್ಮ ಅನುದಾನಿತ ಶಾಲೆಗಳನ್ನು ನೆನೆದರೆ ಚಾರ್ಟರ್ ಶಾಲೆ ಅರ್ಧ ಅರ್ಥವಾಗುತ್ತದೆ. ಹಣ ಸರ್ಕಾರದ್ದು, ಆದ್ದರಿಂದ ಬೋಧನಾ ಶುಲ್ಕವಿಲ್ಲ. ಆಡಳಿತ ಮಾತ್ರ ಪ್ರತ್ಯೇಕ ಮಂಡಳಿಯ ಕೈಯಲ್ಲಿರುತ್ತದೆ. ಉಳಿದ ಅರ್ಧ ನಮ್ಮಲ್ಲಿಲ್ಲ. ಚಾರ್ಟರ್ ಎಂದರೆ ಸನ್ನದು. ಇಂತಿಷ್ಟು ವರ್ಷಗಳಲ್ಲಿ ಮಕ್ಕಳನ್ನು ಇಂತಿಷ್ಟು ಮುಂದೆ ತರುತ್ತೇವೆ ಎಂದು ಶಾಲೆ ಬರೆದುಕೊಡಬೇಕು. ಬರೆದುಕೊಟ್ಟಂತೆ ನಡೆಯದಿದ್ದರೆ ಸನ್ನದು ನವೀಕರಣವಾಗುವುದಿಲ್ಲ, ಶಾಲೆ ಮುಚ್ಚುತ್ತದೆ. ಅದಕ್ಕೆ ಪ್ರತಿಯಾಗಿ ವೇಳಾಪಟ್ಟಿ, ಪಾಠದ ಕ್ರಮ, ಶಿಕ್ಷಕರ ನೇಮಕ ಇವುಗಳಲ್ಲಿ ಅದಕ್ಕೆ ಸಾಮಾನ್ಯ ಸರ್ಕಾರಿ ಶಾಲೆಗಿಂತ ಹೆಚ್ಚು ಸ್ವಾತಂತ್ರ್ಯವಿರುತ್ತದೆ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಕೆಲವು ವರ್ಷಗಳ ಹಿಂದೆ ಆರ್‌ಟಿಇ ಸೀಟುಗಳಿಗಾಗಿ ಬಿಇಒ ಕಚೇರಿಗೆ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಬಗೆಯ ಶಾಲೆಗೆ ಮೊದಲು ಕಾನೂನು ಮಾಡಿದ್ದು, ಕಾಕತಾಳೀಯವಾಗಿ, ನನ್ನ ಸೋದರಸೊಸೆ (ಆ ತಂಗಿಯ ಮಗಳು) ಇರುವ ಮಿನೆಸೋಟವೇ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಬಾಗಿಲು ತೆರೆದ ಮೊದಲ ಚಾರ್ಟರ್ ಶಾಲೆ ‘ಸಿಟಿ ಅಕಾಡೆಮಿ’ ತೆರೆದುಕೊಂಡದ್ದು ರ‍್ಯಾಂಕಿನ ಮಕ್ಕಳಿಗಲ್ಲ, ಓದನ್ನು ಅರ್ಧಕ್ಕೆ ಬಿಟ್ಟವರಿಗೆ. ಈ ಸಂಗತಿ ಓದಿದಾಗ ನಾನು ಪುಸ್ತಕವನ್ನು ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮಲ್ಲಿ ಹೊಸ ಬಗೆಯ ಶಾಲೆ ಯಾವುದೇ ಬರಲಿ, ಮೊದಲು ಬರುವುದು ಅದರ ಪ್ರವೇಶ ಪರೀಕ್ಷೆ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ, ಎಲ್ಲಕ್ಕೂ ಆರನೆಯ ತರಗತಿಯ ಹೊಸ್ತಿಲಲ್ಲೇ ಜರಡಿ ಇದೆ. ಆ ಶಾಲೆಗಳಿಂದ ಹಳ್ಳಿಯ ಬಡ ಮಕ್ಕಳಿಗೆ ದೊಡ್ಡ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಓದಿನಿಂದ ಕೈತೊಳೆದುಕೊಂಡ ಹುಡುಗನಿಗಾಗಿ ಕಟ್ಟಿದ ಶಾಲೆಗಳಲ್ಲ ಅವು.

ಹಾಗೆಂದು ಚಾರ್ಟರ್ ಶಾಲೆಯೆಂಬ ಹೆಸರಿನಲ್ಲೇ ಮದ್ದಿದೆಯೆಂದು ತಿಳಿಯಬಾರದು. ಒಂದೇ ಹೆಸರಿನಡಿ ಅಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಶಾಲೆಗಳಿವೆ. 1994ರಲ್ಲಿ ಹ್ಯೂಸ್ಟನ್ನಿನಲ್ಲಿ ಇಬ್ಬರು ಯುವ ಶಿಕ್ಷಕರು ಆರಂಭಿಸಿದ ‘ಕಿಪ್’ ಶಾಲೆಗಳು ಮೊದಮೊದಲು ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದರವರೆಗೆ, ಶನಿವಾರವೂ ಸೇರಿಸಿ, ಶಿಸ್ತಿನಿಂದ ನಡೆದವು. ಅದೇ ವರ್ಷ ಮಿನೆಸೋಟದಲ್ಲಿ ಶುರುವಾಗಿ, ಆಮೇಲೆ ಹೆಂಡರ್ಸನ್ ಎಂಬ ಸಣ್ಣ ಊರಿನಲ್ಲಿ ನೆಲೆಯಾದ ‘ನ್ಯೂ ಕಂಟ್ರಿ ಸ್ಕೂಲ್’ನಲ್ಲಿ ಪೀರಿಯಡ್ಡಿನ ಗಂಟೆಯೇ ಇಲ್ಲ, ಮಕ್ಕಳು ತಾವೇ ಆರಿಸಿಕೊಂಡ ವಿಷಯದ ಮೇಲೆ ವಾರಗಟ್ಟಲೆ ಕೆಲಸ ಮಾಡುತ್ತಾರೆ. ಇನ್ನು ಕೆಲವು ಶಾಲೆಗಳು ಪೂರ್ತಿ ಆನ್‌ಲೈನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಕ್ರೆಡೊ’ ಕೇಂದ್ರ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚಾರ್ಟರ್ ಶಾಲೆಗಳ ಮಕ್ಕಳು, ತಮ್ಮಂತೆಯೇ ಇದ್ದು ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗಿಂತ ಒಂದು ವರ್ಷದಲ್ಲಿ ಸರಾಸರಿ ಓದುವ ಕೌಶಲದಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದಿದ್ದರು. ಮನೆಮಾರು ಹೊತ್ತು ಶಾಲೆ ಬದಲಿಸಲು ಇದೇನೂ ದೊಡ್ಡ ಲಾಭವಲ್ಲ. ಆದರೆ ಅದೇ ಅಧ್ಯಯನದಲ್ಲಿ ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಓದಿನಲ್ಲಿ 58 ದಿನ, ಗಣಿತದಲ್ಲಿ 124 ದಿನ ಹಿಂದೆ ಬಿದ್ದಿದ್ದರು. ತಾನಾಗಿ ಎದ್ದು ಪುಸ್ತಕ ತೆರೆಯದ ಹುಡುಗನನ್ನು ಅವನ ಕೋಣೆಯಲ್ಲೇ ಪರದೆಯ ಮುಂದೆ ಕೂರಿಸಿದರೆ ಏನಾಗುತ್ತದೆಂದು ಕೊರೊನಾ ಕಾಲದ ಎರಡು ವರ್ಷ ನಾವೂ ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಸೊಸೆಗೆ ನಾನು ಮೊದಲು ಹೇಳಿದ್ದು ಇಷ್ಟೇ: ಆನ್‌ಲೈನ್ ಶಾಲೆಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕು, ಉಳಿದದ್ದನ್ನು ಮಾತಾಡೋಣ.

ಉಳಿದದ್ದೆಂದರೆ ಹುಡುಗ. ‘ಮನಸ್ಸಿಲ್ಲ’ ಎಂಬುದು ಕಾಯಿಲೆಯ ಹೆಸರಲ್ಲ, ಜ್ವರವಿದ್ದಂತೆ ಬರೀ ಲಕ್ಷಣ. ಜ್ವರ ಯಾತರಿಂದ ಬಂತೆಂದು ನೋಡದೆ ಆಸ್ಪತ್ರೆ ಬದಲಿಸುವವರು ಕಡಿಮೆ. ಶಾಲೆ ಬದಲಿಸುವವರು ಬಹಳ.

ಮಂಡಿಯವರ ಮಗನನ್ನು ಒಂದು ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡೆ. ಏಳರವರೆಗೆ ಬೀದಿಯ ಕನ್ನಡ ಶಾಲೆಯಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದವನು. ಅವನ ಇಂಗ್ಲಿಷ್ ಗಣಿತ ಪುಸ್ತಕದಿಂದಲೇ ಒಂದು ಲೆಕ್ಕ ಕೊಟ್ಟೆ. ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಐದು ನಿಮಿಷ ಪುಟ ನೋಡಿದ, ಮತ್ತೆ ಗೇಟಿನ ಕಡೆ ನೋಡಿದ. ಹೊರಗಿನಿಂದ ನೋಡುವವರು ಸೋಮಾರಿ ಎನ್ನುವುದು ಇದನ್ನೇ. ಪುಸ್ತಕ ಮುಚ್ಚಿ, “ಗುಬ್ಬಿ ಬಸ್ಸು ಹನ್ನೆರಡು ನಿಮಿಷಕ್ಕೊಂದು, ಕೊರಟಗೆರೆ ಬಸ್ಸು ಹದಿನೆಂಟು ನಿಮಿಷಕ್ಕೊಂದು ಬಿಡುತ್ತೆ ಅಂತಿಟ್ಕೋ. ಈಗ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡೋದು ಯಾವಾಗ?” ಎಂದೆ. ಬೆರಳಿನಲ್ಲಿ ಎಣಿಸಲೂ ಇಲ್ಲ, “ಮೂವತ್ತಾರು ನಿಮಿಷಕ್ಕೆ ಸರ್. ಲ.ಸಾ.ಅ. ತಾನೆ?” ಎಂದ. ಪುಸ್ತಕದಲ್ಲಿದ್ದದ್ದೂ ಅದೇ ಲೆಕ್ಕ. ಹಾಗಾದರೆ ಎಲ್‌ಸಿಎಂ ಎಂದರೇನು ಎಂದು ಕೇಳಿದೆ. “ಅದು ನಂಗೆ ಬರಲ್ಲ ಸರ್, ಕ್ಲಾಸಲ್ಲಿ ಮಾಡಿದ್ದಾರೆ.” ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ಬಾಯಿಲೆಕ್ಕದಲ್ಲಿ ಮಾಡುವ ಹುಡುಗ, ಒಂದು ವರ್ಷ ಪೂರ್ತಿ ಎಲ್‌ಸಿಎಂ ಬರುವುದಿಲ್ಲವೆಂದು ನಂಬಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ಎರಡೂ ಒಂದೇ ಎಂದು ಅವನಿಗೆ ಹೇಳಿದವರಿಲ್ಲ. ಕೇಳಿದರೆ ನಗುತ್ತಾರೆಂದು ಅವನೂ ಕೇಳಲಿಲ್ಲ.

ಎಲ್ಲವನ್ನೂ ಮಾಧ್ಯಮದ ತಲೆಗೆ ಕಟ್ಟುವುದೂ ಸುಳ್ಳಾಗುತ್ತದೆ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸು ಎಂದರೆ ಅದೇ ಹುಡುಗ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ‘ಐದನೆಯ ಎರಡು’ ಎಂದು ಬರೆದ. ಅರ್ಧಕ್ಕೆ ಏನನ್ನೋ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆದೀತೇ ಎಂದು ಕೇಳಿದಾಗ ಅವನೇ ನಕ್ಕ. ಇದು ಐದನೆಯ ತರಗತಿಯಲ್ಲಿ ಬಿದ್ದ ಹಳ್ಳ. ಮೇಲಾಗಿ ಅವನು ಮಲಗುವುದು ರಾತ್ರಿ ಒಂದಕ್ಕೆ, ಹೊದಿಕೆಯೊಳಗೆ ಮೊಬೈಲು. ಏಳುವುದು ಐದೂವರೆಗೆ, ಆರರ ಟ್ಯೂಷನ್ನಿಗಾಗಿ. ಹದಿಹರೆಯದವರಿಗೆ ನಿದ್ದೆ ಬರುವುದೇ ತಡವಾಗಿ. ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತು. ನಮ್ಮ ಊರಲ್ಲಿ ಎಂಟೂವರೆಗೆ ಎರಡು ಟ್ಯೂಷನ್ ಮುಗಿದಿರುತ್ತವೆ. ತಂದೆಯಾದವರು ಶೇ 85 ತಂದರೆ ಬೈಕು ಕೊಡಿಸುತ್ತೇನೆಂದು ಬೇರೆ ಹೇಳಿದ್ದರು. ಆಸೆ ತೋರಿಸಿ ಮಾಡಿಸಿದ ಕೆಲಸದಲ್ಲಿ ಸ್ವಂತ ಆಸಕ್ತಿ ಒಣಗುವುದನ್ನು ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾನೆ: ಒಗಟಿನ ತುಂಡುಗಳನ್ನು ಜೋಡಿಸಲು ದುಡ್ಡು ಪಡೆದ ವಿದ್ಯಾರ್ಥಿಗಳು, ದುಡ್ಡು ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದನ್ನೇ ಕಡಿಮೆ ಮಾಡಿದರು. ಈ ಮಾತನ್ನು ಮಂಡಿಯವರಿಗೆ ಹೇಳಿದೆ. “ಹಂಗಾದ್ರೆ ಬೈಕಿನ ದುಡ್ಡು ಉಳೀತು ಬಿಡಿ” ಎಂದು ನಕ್ಕರು.

ಇಷ್ಟೆಲ್ಲ ಬುದ್ಧಿವಾದ ಹೇಳುವ ನಾನು ನನ್ನ ಮಗನ ವಿಷಯದಲ್ಲಿ ಹೀಗೆ ಯಾವುದನ್ನೂ ನೋಡಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಊರ ಮಕ್ಕಳಿಗೆಲ್ಲ ಗಣಿತ ಕಲಿಸುವವನ ಮಗ ಗಣಿತದಲ್ಲಿ ನಲವತ್ತು ತೆಗೆದನೆಂಬ ಅವಮಾನಕ್ಕೆ, ಅವನನ್ನು ಒಂಬತ್ತಕ್ಕೆ ಪಕ್ಕದ ಜಿಲ್ಲೆಯ ವಸತಿ ಶಾಲೆಯೊಂದಕ್ಕೆ ಸೇರಿಸಿದೆ. ಅವನನ್ನು ಕೇಳಲಿಲ್ಲ, ತಿಳಿಸಿದೆ. ತಗಡಿನ ಟ್ರಂಕಿನ ಮೇಲೆ ಹಸಿರು ಆಯಿಲ್ ಪೇಂಟಿನಲ್ಲಿ ಅವನ ಹೆಸರನ್ನು ನಾನೇ ಬರೆದಿದ್ದೆ. ಮೂರು ತಿಂಗಳ ನಂತರ ನೋಡಲು ಹೋದಾಗ ಗೇಟಿನ ಕಾವಲುಗಾರ ಹಾಸ್ಟೆಲಿನ ಕಡೆ ತಿರುಗಿ “ನಲವತ್ತೇಳೂ…” ಎಂದು ಕೂಗಿದ. ಮೈದಾನದ ಆಚೆ ತುದಿಯಿಂದ ನನ್ನ ಮಗ ಓಡಿ ಬಂದ. ಮನೆಯಲ್ಲಿ ಹೆಸರು ಹಿಡಿದು ಮೂರು ಸಲ ಕರೆದರೂ ಓಗೊಡದಿದ್ದವನು ಒಂದೇ ಕೂಗಿಗೆ ಬಂದನಲ್ಲ ಎಂದು ಅಂದು ಶಿಸ್ತನ್ನು ಮೆಚ್ಚಿಕೊಂಡು ಬಸ್ಸು ಹತ್ತಿದೆ. ಅಂಕ ಏರಿತು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ತೆಂಟು. ಪ್ರಥಮ ಪಿಯುಸಿ ಗಣಿತದಲ್ಲಿ ನಪಾಸಾದ. ಬಾಯಿಪಾಠ ಮಾಡಿದ ಎಂಬತ್ತೆಂಟು ಅದೆಂದು ಗುರುತಿಸಲು ಗಣಿತದ ಮೇಷ್ಟ್ರಾದ ನನಗೆ ಎರಡು ವರ್ಷ ಬೇಕಾಯಿತು. ಆಮೇಲೆ ಅವನು ಸುಧಾರಿಸಿಕೊಂಡು ತನ್ನ ಕಾಲ ಮೇಲೆ ನಿಂತಿದ್ದಾನೆ. ಆದರೆ ಆ ಶಾಲೆಯ ಮಾತು ಬಂದರೆ ಇಂದಿಗೂ ಎದ್ದು ಒಳಗೆ ಹೋಗುತ್ತಾನೆ.

ಹಾಗಾದರೆ ಶಾಲೆ ಬದಲಿಸಲೇಬಾರದೇ? ಬದಲಿಸಬೇಕಾದ ಸಂದರ್ಭಗಳುಂಟು. ಜೊತೆಯ ಹುಡುಗರು ಹಿಂಸೆ ಕೊಡುತ್ತಿದ್ದರೆ, ಶಿಕ್ಷಕರೊಬ್ಬರು ತರಗತಿಯ ಎದುರಿಗೆ ಮೇಲಿಂದ ಮೇಲೆ ಹೀಯಾಳಿಸುತ್ತಿದ್ದರೆ, ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತಿದ್ದರೆ ಬದಲಿಸುವುದೇ ಸರಿ. ಶಾಲೆ ವಿಪರೀತ ದೊಡ್ಡದಾಗಿ ಮಗು ಅದರಲ್ಲಿ ಕಳೆದುಹೋಗಿದ್ದರೂ ಅಷ್ಟೇ. ಮಿನೆಸೋಟದ ಹುಡುಗನ ವಿಷಯದಲ್ಲಿ ಆಗಿದ್ದು ಇದು. ನಮ್ಮ ಬೆಳಗಿನ ಏಳು ಗಂಟೆಗೆ, ಅವರ ಹಿಂದಿನ ರಾತ್ರಿ ಎಂಟೂವರೆಗೆ, ವಿಡಿಯೊ ಕರೆಯಲ್ಲಿ ಅವನ ತಾಯಿಯನ್ನು ಆಚೆ ಕಳಿಸಿ ಮಾತಾಡಿಸಿದೆ. ತನಗೆ ಬರುವಷ್ಟು ಕನ್ನಡದಲ್ಲಿ, “ನಾನು ಕ್ಲಾಸಿಗೆ ಹೋಗಿಲ್ಲ ಅಂದ್ರೂ ಯಾರಿಗೂ ಗೊತ್ತಾಗಲ್ಲ ತಾತ” ಎಂದ. ಅವನ ತಂದೆ ಹುಡುಕಿದ್ದು ಶಿಸ್ತಿನ ಚಾರ್ಟರ್ ಶಾಲೆ. ಹುಡುಗನಿಗೆ ಬೇಕಾಗಿದ್ದು ತನ್ನ ಗೈರುಹಾಜರಿ ಒಬ್ಬರ ಕಣ್ಣಿಗಾದರೂ ಬೀಳುವ ಶಾಲೆ. ಅದು ಚಾರ್ಟರ್ ಶಾಲೆಯೇ ಆಗಬೇಕೆಂದಿಲ್ಲ. ಪಕ್ಕದ ಜಿಲ್ಲೆಯ ಸರ್ಕಾರಿ ಶಾಲೆಗೂ ಅರ್ಜಿ ಹಾಕುವ ಅವಕಾಶವನ್ನು ಆ ರಾಜ್ಯ 1988ರಲ್ಲೇ ಕೊಟ್ಟಿದೆ. ಮನೆಯಿಂದ ಹನ್ನೆರಡು ಮೈಲಿ ದೂರದ ಒಂದು ಸಣ್ಣ ಚಾರ್ಟರ್ ಶಾಲೆಯಲ್ಲಿ ಅವನು ಒಂದು ದಿನ ತಾನೇ ಹೋಗಿ ತರಗತಿಯಲ್ಲಿ ಕುಳಿತು ಬಂದಿದ್ದಾನೆ. ಬಂದ ಮೇಲೆ ಅರ್ಜಿಯನ್ನು ತುಂಬಿದವನೂ ಅವನೇ. ಲಾಟರಿಯಲ್ಲಿ ಹೆಸರು ಬಂದಿಲ್ಲ, ಕಾಯುವ ಪಟ್ಟಿಯಲ್ಲಿದ್ದಾನೆ.

ಮಂಡಿಯವರ ಮಗನಿಗೆ ಶಾಲೆ ಬದಲಿಸುವುದು ಬೇಡವೆಂದೆ. ಸರ್ಕಾರದ ಗಣಿತ ಪಠ್ಯಪುಸ್ತಕ ಎರಡು ಮಾಧ್ಯಮಗಳಲ್ಲೂ ಒಂದೇ; ಪಾಠದ ಕ್ರಮ, ಲೆಕ್ಕಗಳು ಎಲ್ಲ ಒಂದೇ. ಕನ್ನಡದ ಪುಸ್ತಕವನ್ನೂ ಇಂಗ್ಲಿಷಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅಪವರ್ತ್ಯಕ್ಕೆ ಮಲ್ಟಿಪಲ್, ಛೇದಕ್ಕೆ ಡಿನಾಮಿನೇಟರ್ ಎಂದು ತಾನೇ ಒಂದು ಪಟ್ಟಿ ಮಾಡುತ್ತಿದ್ದಾನೆ. ಬೆಳಗಿನ ಟ್ಯೂಷನ್ ಬಿಡಿಸಿದ್ದಾಯಿತು. ಮೊಬೈಲಿನ ವಿಷಯದಲ್ಲಿ ನನ್ನ ಮಾತೇನೂ ನಡೆದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಸೇರಿಸಲೇಬೇಕೆಂದು ಹೊರಟವರಿಗೆ ನನ್ನ ಅನುಭವದ ಎರಡು ಮಾತು. ಶಾಲೆಯವರೇ ಕರೆದ ದಿನ ಹೋಗಬೇಡಿ. ಯಾವುದೋ ಒಂದು ಮಂಗಳವಾರ ಹೇಳದೆ ಹೋಗಿ, ಗೇಟಿನ ಬಳಿ ನಿಂತು, ಮಕ್ಕಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಕೇಳಿಸಿಕೊಳ್ಳಿ. ಹಿಂದುಳಿದ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿ. ‘ಎಕ್ಸ್‌ಟ್ರಾ ಕ್ಲಾಸ್’ ಎಂದರೆ ಅದರಲ್ಲಿ ಐದನೆಯ ತರಗತಿಯ ಭಿನ್ನರಾಶಿಯಿಂದ ಶುರುಮಾಡುತ್ತೀರೋ, ಅಥವಾ ಅದೇ ಪಾಠವನ್ನು ಇನ್ನೊಮ್ಮೆ ಜೋರಾಗಿ ಹೇಳುತ್ತೀರೋ ಎಂದೂ ಕೇಳಿ. ಹತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಬದಲಾವಣೆಯ ಗೋಜಿಗೆ ಹೋಗದಿರುವುದೇ ವಾಸಿ. 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಜಾರಿದರೆ ಮುಳುಗಿಹೋಗುವುದಿಲ್ಲ.

ಇನ್ನು ಜಾಹೀರಾತಿನ ಆ ‘ಶೇ 100’. 2023ರಲ್ಲಿ ಶೇ 83.89 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಆದ್ದರಿಂದ ಫಲಿತಾಂಶದ ಅಂಕಿಯೊಂದನ್ನೇ ನಂಬಿ ಶಾಲೆಯನ್ನು ಅಳೆಯಲಾಗದು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಒಂಬತ್ತರ ಕೊನೆಯಲ್ಲಿ ಪೋಷಕರನ್ನು ಕರೆಸಿ, ‘ನಿಮ್ಮ ಹುಡುಗ ನಮ್ಮ ವೇಗಕ್ಕೆ ಬರುತ್ತಿಲ್ಲ, ಟಿ.ಸಿ. ತೆಗೆದುಕೊಂಡು ಹೋಗಿ’ ಎಂದು ಸಾಗಹಾಕುವ ಪದ್ಧತಿ. ಹಾಗೆ ಟಿ.ಸಿ. ಹಿಡಿದು ಬಂದ ಮಕ್ಕಳನ್ನು ಹತ್ತನೆಯ ತರಗತಿಯಲ್ಲಿ ಸೇರಿಸಿಕೊಂಡು, ಅವರ ನಪಾಸಿನ ಲೆಕ್ಕವನ್ನು ನಮ್ಮ ಸರ್ಕಾರಿ ಶಾಲೆಯ ಖಾತೆಗೆ ಬರೆಸಿಕೊಂಡವನು ನಾನು. ಅಮೆರಿಕದಲ್ಲೂ ಕೆಲವು ಚಾರ್ಟರ್ ಶಾಲೆಗಳ ಮೇಲೆ ಇದೇ ದೂರಿದೆ: ಲಾಟರಿಯಲ್ಲಿ ಬಂದವರನ್ನೆಲ್ಲ ಸೇರಿಸಿಕೊಂಡು, ಕಷ್ಟದ ಮಕ್ಕಳನ್ನು ನಯವಾಗಿ ಹೊರಗೆ ಕಳಿಸುತ್ತಾರೆಂದು. ಓದಲು ಮನಸ್ಸಿಲ್ಲದ ಹುಡುಗನ ತಂದೆ ಆ ಜಾಹೀರಾತಿನಿಂದ ತಿಳಿಯಬೇಕಾದ ಮೊದಲ ಸಂಗತಿ ಇದೇ, ಏಕೆಂದರೆ ಸಾಗಹಾಕುವ ದಿನ ಬಂದಾಗ ಮೊದಲ ಸಾಲಿನಲ್ಲಿ ನಿಲ್ಲುವವನು ಅವರ ಮಗ.

ಆದ್ದರಿಂದ ತುಮಕೂರು ಮತ್ತು ಮಧುಗಿರಿ, ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಲ್ಲಿ ಒಂದು ವಿನಂತಿ. ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ‘ಸ್ಯಾಟ್ಸ್’ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇರುವುದರಿಂದ ಯಾವ ಮಗು ಯಾವ ಶಾಲೆಯಿಂದ ಯಾವಾಗ ಹೊರಬಿತ್ತೆಂಬ ಲೆಕ್ಕ ಇಲಾಖೆಯ ಬಳಿ ಈಗಾಗಲೇ ಇದೆ. ಪ್ರತಿ ಶಾಲೆಯಲ್ಲೂ ಎಂಟಕ್ಕೆ ದಾಖಲಾದವರೆಷ್ಟು, ಅವರಲ್ಲಿ ಅದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದವರೆಷ್ಟು ಎಂಬ ಎರಡು ಸಂಖ್ಯೆಗಳನ್ನು, ಮಕ್ಕಳ ಹೆಸರಿಲ್ಲದೆ, ಪ್ರವೇಶ ಆರಂಭವಾಗುವ ಮೊದಲು ಬಿಇಒ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸಬೇಕು. ಪ್ರವೇಶದ ಜಾಹೀರಾತು ತೆಗೆದುಕೊಳ್ಳುವಾಗ ತಾವೂ ಈ ಎರಡು ಸಂಖ್ಯೆಗಳನ್ನು ಕೇಳಿ ಅಚ್ಚುಮಾಡಿದರೆ ಓದುಗರಿಗೆ ಉಪಕಾರವಾಗುತ್ತದೆ. ಜಾಹೀರಾತಿನ ವಿಭಾಗದವರಿಗೆ ಇದು ಇಷ್ಟವಾಗಲಿಕ್ಕಿಲ್ಲ ಎಂಬುದೂ ಗೊತ್ತು.

ಮಂಡಿಯವರು, ನನ್ನ ಮಾತು ಪೂರ್ತಿ ನಂಬಿಕೆಯಾಗದೆ ಇರಬೇಕು, ಕತ್ತರಿಸಿಟ್ಟ ಜಾಹೀರಾತಿನಲ್ಲಿದ್ದ ಎರಡು ಶಾಲೆಗಳಿಗೆ ಫೋನು ಮಾಡಿ ಈ ಎರಡು ಸಂಖ್ಯೆಗಳನ್ನು ಕೇಳಿದರಂತೆ. ಒಂದು ಕಡೆ, ಮೊದಲು ಅರ್ಜಿ ಫಾರಂ ತೆಗೆದುಕೊಳ್ಳಿ, ಆಮೇಲೆ ಹೇಳುತ್ತೇವೆ ಎಂದರು. ಇನ್ನೊಂದು ಕಡೆಯ ಗುಮಾಸ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಇಲ್ಲೀವರೆಗೆ ಯಾರೂ ಕೇಳಿಲ್ಲ ಸಾರ್” ಎಂದನಂತೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ,
ತುಮಕೂರು